ಕೆಂಚಣ್ಣನ ಏಡಿ ಸಾರಿಗೆ ಬಿದ್ದ ಉಪ್ಪು

ಬೆಳಗೊಳದ ಕೆಂಚಣ್ಣ ಸಾರಿನ ರುಚಿ ನೋಡುತ್ತಿರಲಿಲ್ಲ, ಕೇಳುತ್ತಿದ್ದ. ಇನ್ನೂರು ಜನಕ್ಕಾಗುವ ಕೊಪ್ಪರಿಗೆಯ ಪಕ್ಕ ಸೊಂಟಕ್ಕೆ ಕೈಯಿಟ್ಟು, ತಲೆ ವಾಲಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕುದಿಯುವ ಏಡಿಗಳು ಅವನೊಬ್ಬನಿಗೇ ಏನೋ ಗುಟ್ಟು ಹೇಳುತ್ತಿವೆಯೆಂಬಂತೆ ಸುತ್ತಲಿನವರೂ ಉಸಿರು ಬಿಗಿಹಿಡಿಯಬೇಕು. "ಏಡಿ ದನಿ ಬದಲಾಯ್ತು, ಸೀಗಡಿ ಬುಡ್ರಲಾ" ಎಂದು ಅಪ್ಪಣೆಯಾಗುತ್ತಿತ್ತು. ಕೊನೆಗೆ ಮೀನು. ಮೀನು ಬಿದ್ದ ಮೇಲೆ ಸೌಟು ಮುಟ್ಟುವಂತಿಲ್ಲ. ನಾಲ್ವರು ಗಟ್ಟಿಗರು ಒದ್ದೆ ಗೋಣಿತಾಟು ಹಿಡಿದು ಕೊಪ್ಪರಿಗೆಯನ್ನು ತೊಟ್ಟಿಲಿನಂತೆ ತೂಗಬೇಕು. ಪಂಚಾಯಿತಿ ಚುನಾವಣೆಗಿಂತ ಆ ನಾಲ್ಕು ಜಾಗಕ್ಕೇ ಊರಿನಲ್ಲಿ ಹೆಚ್ಚು ಪೈಪೋಟಿ.

"ಏಡಿ ಬೇರೆ, ಮೀನು ಬೇರೆ ಮಾಡಿದರೆ ಸುಲಭವಲ್ವಾ ಕೆಂಚಣ್ಣ?" ಎಂದು ಒಮ್ಮೆ ಕೇಳಿದ್ದೆ.

"ಬ್ಯಾರೆ ಬ್ಯಾರೆ ಬೇಯಿಸಾಕೆ ಅವೇನ್ ಭಾಗ ಆದ ಅಣ್ತಮ್ಮಂದ್ರೇನ್ಲಾ ಎಮ್ಮೆಸ್ಸಿ?"

ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಮೇಷ್ಟ್ರಾದ ಮೇಲೆ ಅವನು ನನಗಿಟ್ಟ ಹೆಸರು ಎಮ್ಮೆಸ್ಸಿ. ಅದರಲ್ಲಿ ಮೆಚ್ಚುಗೆ ಇತ್ತೆಂದು ಬಹಳ ದಿನ ನಂಬಿದ್ದೆ.

ತಂಗಿಯ ಬೀಗರೂಟಕ್ಕೆ ಅವನನ್ನೇ ಕರೆಸಿದೆವು. ನಾಗಮಂಗಲದ ಬೀಗರು ಮರಿ ಮಾಂಸ ಕಾಣದವರಲ್ಲ, ಏಡಿ ಸಾರಿನಲ್ಲೇ ಅವರ ಬಾಯಿ ಮುಚ್ಚಿಸಬೇಕೆಂದು ಅಪ್ಪನ ಹಟ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವವರೆಗೆ ಅಡುಗೆಯನ್ನು ಯಾರೂ ಬಾಯಿಗಿಡುವಂತಿಲ್ಲ. ಇಟ್ಟರೆ ಇಡೀ ಕೊಪ್ಪರಿಗೆ ಎಂಜಲು, ತಿಪ್ಪೆಗೇ ಸುರಿಯಬೇಕು. ಕೆಂಚಣ್ಣ ಕಿವಿಯನ್ನು ನೆಚ್ಚಿಕೊಂಡದ್ದು ಇದಕ್ಕೇ ಇರಬೇಕು. ನನಗೆ ಅದು ಶುದ್ಧ ಬೂಟಾಟಿಕೆಯಾಗಿ ಕಂಡಿತ್ತು.

ಕೆಂಚಣ್ಣ ಮೀನು ತರಲು ಹಿತ್ತಿಲಿಗೆ ಹೋದಾಗ ನಾನು ಸೌಟಿನಲ್ಲಿ ಎತ್ತಿ, ಊದಿ, ಒಂದು ಗುಟುಕು ಹೀರಿದೆ. ಉಪ್ಪಿನ ಸುಳಿವೇ ಇಲ್ಲ! ವಿಜ್ಞಾನ ಗೆದ್ದಿತೆಂದು ಎರಡು ಬೊಗಸೆ ಹಾಕಿದೆ. ಮೂರೂ ಇರಬಹುದು, ಈ ನೆನಪು ಪ್ರತಿ ಸಲವೂ ನನ್ನ ಪರವಾಗಿ ಒಂದೊಂದು ಬೊಗಸೆ ಇಳಿಸುತ್ತಾ ಬಂದಿದೆ.

ಕೆಂಚಣ್ಣ ಬಂದ. ಮೀನು ಬಿಟ್ಟ. ಆಮೇಲೆ ಉಪ್ಪಿನ ಮೊರ ಎತ್ತಿಕೊಂಡ. ಅವನು ಉಪ್ಪು ಹಾಕುತ್ತಿದ್ದುದೇ ಕೊನೆಗೆ! ಎರಡು ಗಂಟೆ ಪಕ್ಕದಲ್ಲೇ ನಿಂತು ಗೇಲಿ ಮಾಡುತ್ತಿದ್ದ ನನಗೆ ಅದೊಂದು ಗೊತ್ತಿರಲಿಲ್ಲ. "ತಡಿ" ಎಂದರೆ ರುಚಿ ನೋಡಿದ್ದು ಬಯಲಾಗುತ್ತದೆ, ಬೀಗರ ಎದುರೇ ಸಾರು ತಿಪ್ಪೆಗೆ ಹೋಗುತ್ತದೆ. ಬಗ್ಗಿ ಒಲೆಗೆ ಸೌದೆ ತಳ್ಳಿದೆ. ಮೊರ ಖಾಲಿಯಾಯಿತು.

ಮೊದಲ ತುತ್ತಿಗೇ ಹಿರಿಯ ಬೀಗರು ಮುದ್ದೆ ಕೆಳಗಿಟ್ಟರು. "ಏನ್ ಬೀಗ್ರೇ, ಏಡಿ ಕನ್ನಂಬಾಡಿದು ಅಂದ್ರಿ, ನೀರ್ ಮಾತ್ರ ಮಂಗ್ಳೂರಿಂದ ತರ್ಸಿದ್ರಾ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಪ್ಪ ಎಲ್ಲರೆದುರು ಕೆಂಚಣ್ಣನ ಜನ್ಮ ಜಾಲಾಡಿದರು. "ಕೈ ತಪ್ಪೋಯ್ತು ಬುಡಿ ಗೌಡ್ರೇ" ಎಂದ ಅವನು. ನಾನು ನೀರು ಬಡಿಸುತ್ತಿದ್ದೆ. ಅವತ್ತು ನೀರಿಗೆ ಭಾರೀ ಗಿರಾಕಿ.

ಆಮೇಲೆ ಅವನನ್ನು ಯಾರೂ ದೊಡ್ಡ ಅಡುಗೆಗೆ ಕರೆಯಲಿಲ್ಲ. ಪಾಂಡವಪುರದವರೆಗೂ 'ಉಪ್ಪಿನ ಕೆಂಚ' ಎಂಬ ಹೆಸರು ಹಬ್ಬಿತು. ನಾಲ್ಕು ವರ್ಷ ಕಳೆದ ಮೇಲೆ ಧೈರ್ಯ ಮಾಡಿ ಅವನ ಜಗಲಿಗೆ ಹೋಗಿ ಒಪ್ಪಿಕೊಂಡೆ.

"ಗೊತ್ತು ಕಣ್ಲಾ. ನಾನ್ ಉಪ್ಪಾಕಿ ತಿರುಗ್ ನೋಡ್ತೀನಿ, ನಿನ್ ಮೀಸೇಲಿ ಸಾರು."

"ಮತ್ಯಾಕೆ ಹೇಳಲಿಲ್ಲ?"

"ಯೋಳಿದ್ರೆ ಅಷ್ಟೂ ಏಡಿ ತಿಪ್ಪೆ ಪಾಲು. ಏಡಿ ಮಕ ನೋಡ್ಕಂಡು ಬುಟ್ಟೆ, ನಿನ್ ಮಕ ನೋಡಿ ಅಲ್ಲ. ಪಾಪ, ನಿಮ್ ತಾತ ಸತ್ಮೇಲೆ ನಿನ್ನೆಂಜಲು ಉಣ್ಣಂಗಾಯ್ತು." ಎಲೆಗೆ ಸುಣ್ಣ ಹಚ್ಚುತ್ತಾ ಅಂದ: "ನಾನೋದ್ಮೇಲಾದ್ರೂ ನಾಕ್ ಜನಕ್ಕೆ ಯೋಳ್ಬುಡು."

ಹೋದ ವರ್ಷ ಅವನ ತಿಥಿಯಲ್ಲಿ ಅವನ ಅಳಿಯನೇ ಸಾರು ಮಾಡಿದ್ದ. ಉಪ್ಪು ಹದವಾಗಿತ್ತು. ಪಕ್ಕದಲ್ಲಿ ಕೂತವನು ಏಡಿಯ ಕಾಲು ಮುರಿಯುತ್ತಾ, "ಕೆಂಚಣ್ಣ ಮಾಡಿದ್ರೆ ಒಂದ್ ಬಿಂದಿಗೆ ನೀರ್ ಜಾಸ್ತಿ ಬೇಕಾಗಿತ್ತು, ಅಲ್ವಾ ಮೇಷ್ಟ್ರೇ?" ಎಂದ. ಸಾಲೆಲ್ಲ ನನ್ನ ಕಡೆ ತಿರುಗಿತು.

ಕೆಂಚಣ್ಣ ಜಗಲಿಯಲ್ಲಿ ನಿಜಕ್ಕೂ 'ಯೋಳ್ಬುಡು' ಎಂದಿದ್ದನೇ? ನೆನಪನ್ನು ಸಾಕ್ಷಿಯಾಗಿ ನಂಬಬಾರದೆಂದು ಓದಿಕೊಂಡವನು ನಾನು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ಎಲ್ಲರ ಜೊತೆ ನಕ್ಕೆ.