ಕೊಂಬಿಗೆ ಸಿಕ್ಕಿದ ಪಂಚೆ

ಹೆಬ್ಬಾಳದ ನಮ್ಮ ಕೃಷಿ ಕಾಲೇಜಿನಲ್ಲಿ ಸಂಕ್ರಾಂತಿಯ ಸಂಜೆ ಹೊಲದ ಎತ್ತುಗಳಿಗೆ ಕಿಚ್ಚು ಹಾಯಿಸುತ್ತಿದ್ದರು. ಬೆಳಿಗ್ಗೆಯಿಂದ ಕಬ್ಬು ತಿಂದು ಗೆಲುವಾಗಿದ್ದೆ. ಸಿಂಗಾಪುರವೆಂಬ ಹಳ್ಳಿಯ ರೈತನ ಮಗನೆಂದು ಗೆಳೆಯರು ಮುಂದಿನ ಎತ್ತಿನ ಹಗ್ಗವನ್ನು ನನಗೇ ಕೊಟ್ಟರು. ಊರಲ್ಲಿ ಅಪ್ಪ ಒಮ್ಮೆಯೂ ಕೊಟ್ಟಿರಲಿಲ್ಲ. ಅದನ್ನು ಹೇಳಲು ಬಿಗುಮಾನ.

ಹುಲ್ಲಿಗೆ ಬೆಂಕಿ ಹಚ್ಚಿದ್ದೇ ಎತ್ತು ನುಗ್ಗಿತು. ಕೊಂಬಿಗೆ ಸಿಕ್ಕಿದ ನನ್ನ ಪಂಚೆಯೂ ಅದರ ಜೊತೆ ಬೆಂಕಿ ದಾಟಿತು. ಅಧ್ಯಾಪಕರು, ಅವರ ಮನೆಯ ಹೆಂಗಸರು, ಎಲ್ಲರೆದುರು ನಾನು ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಂತಿದ್ದೆ. ಓಡಿಹೋಗಿ ಹುಲ್ಲಿನ ಮೆದೆಯ ಹಿಂದೆ ಕೂತೆ. ಕಿವಿಯೆಲ್ಲ ಉರಿಯುತ್ತಿತ್ತು.

ನಮ್ಮ ಮೇಷ್ಟರೊಬ್ಬರ ಹೆಂಡತಿ ಅಲ್ಲಿಗೇ ಬಂದು, ಮುಖ ಆ ಕಡೆ ತಿರುಗಿಸಿಕೊಂಡು ಪಂಚೆ ಚಾಚಿದರು.

“ತಗೋಪ್ಪ, ಸುಟ್ಟಿಲ್ಲ. ಎಳ್ಳು ಬೀರ್ತಿದ್ದಾರೆ, ಬಾ.”

ಹೋದೆ. ಎಳ್ಳುಬೆಲ್ಲಕ್ಕೆ ಕೈಯೊಡ್ಡಿದಾಗ ಯಾರ ಮುಖವನ್ನೂ ನೋಡಲಾಗಲಿಲ್ಲ.