ಜೀಪಿನ ಆಕ್ಸಲ್ಲೂ ನನ್ನ ರೇಷ್ಮೆ ಗೂಡೂ
ಗಾಡಿಯ ಅಡಿಗೆ ಅಂಗಾತ ಮಲಗಿ ನೋಡುವಷ್ಟು ಆಸಕ್ತಿ ಕೆಲವು ಗಂಡಸರಿಗೆ ಮನೆಯೊಳಗಿನ ಯಾವುದರ ಮೇಲೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಅಂಥವರು ಇಬ್ಬರಿದ್ದರು. ನಮ್ಮ ಯಜಮಾನರದು ಹರಾಜಿನಲ್ಲಿ ಹಿಡಿದ ಹಳೇ ಜೀಪು. ಮೈದುನ ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಎದ್ದ ಮೇಲೆ ಅಲ್ಲಿಗೆ ಆಳು ಸಾಗಿಸುವ ಕಂಟ್ರಾಕ್ಟು ಹಿಡಿದು, ಹೊಸ ಫೋರ್ ವೀಲ್ ಡ್ರೈವ್ ಗಾಡಿ ತಂದಿದ್ದ.

ಜೀಪಿನ ಮುಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆಕ್ಸಲ್. ಎಂಥ ಕಲ್ಲನ್ನಾದರೂ ಹತ್ತುತ್ತದೆ, ಒಳಗೆ ಕೂತವರ ಸೊಂಟ ಮುರಿಯುತ್ತದೆ. ಮೈದುನನ ಹೊಸ ಗಾಡಿಯಲ್ಲಿ ಒಂದೊಂದು ಚಕ್ರವೂ ತನ್ನ ಪಾಡಿಗೆ ತಾನು ಏರಿಳಿಯುತ್ತದೆ. ಕೂತವರಿಗೆ ಸುಖ, ಆದರೆ ದೊಡ್ಡ ಕಲ್ಲು ಸಿಕ್ಕರೆ ಹೊಟ್ಟೆ ತಾಗಿ ನಿಲ್ಲುತ್ತದೆ. ಇಷ್ಟೇ ವಿಷಯ. ಇದನ್ನು ಅಣ್ಣತಮ್ಮಂದಿರು ಮುದ್ದೆ ಮುರಿಯುವಾಗಲೂ ಬಿಡುತ್ತಿರಲಿಲ್ಲ.

"ನಿಂದು ಗಾಡಿ ಅಲ್ಲ ಕಣ್ಲಾ, ಮದ್ವೆ ಮನೆ ಸೋಫಾ," ಎನ್ನುತ್ತಿದ್ದರು ಇವರು.

"ನಿನ್ ಜೀಪಲ್ಲಿ ಹೋಗ್ಬಂದೋರ್ಗೆ ಎಣ್ಣೆ ಹಚ್ಚಿ ತಿಕ್ಬೇಕಲ್ಲಣ್ಣ," ಎನ್ನುತ್ತಿದ್ದ ಅವನು.

ಆ ಸಲ ನನ್ನ ಹುಳು ಚೆನ್ನಾಗಿ ಗೂಡು ಕಟ್ಟಿದ್ದವು. ಸೊಪ್ಪು ಕೊಯ್ದವಳು ನಾನು, ಹಿಕ್ಕೆ ಬಳಿದವಳು ನಾನು. ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೇ ದರಕ್ಕೆ ಹೋದರೆ, ಸೋರುತ್ತಿದ್ದ ಹುಳುಮನೆಗೆ ಹೊಸ ಶೀಟು ಹಾಕಿಸಬೇಕೆಂದಿದ್ದೆ. ಗೂಡಿನೊಳಗೆ ಹುಳು ಜೀವಂತ ಇರುತ್ತದೆ. ಕುಲುಕಿದರೆ ಅದು ಒಳಗೇ ಒಡೆದು, ರೇಷ್ಮೆಗೆ ಕಲೆ ಹತ್ತುತ್ತದೆ. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು.

ಮೂಟೆಗಳನ್ನು ಎರಡು ಗಾಡಿಗೂ ಹಂಚಿ ಹೇರಿದರು. ನಾನು ಜೀಪು ಹತ್ತಿದೆ. ಡಾಂಬರು ರಸ್ತೆ ಎದುರಿಗೇ ಇತ್ತು. ಇಬ್ಬರೂ ಗಾಡಿಗಳನ್ನು ಕಲ್ಲು ಕ್ವಾರಿಯ ಏರು ದಾರಿಗೆ ತಿರುಗಿಸಿದರು. ಭಾರ ಹೇರಿದಾಗಲೇ ಗಾಡಿಯ ಯೋಗ್ಯತೆ ತಿಳಿಯುವುದಂತೆ.

"ರೋಡಲ್ಲೇ ಹೋಗಿ, ಹಿಂದೆ ಗೂಡೈತೆ," ಎಂದೆ.

"ಒಸಿ ಸುಮ್ಕಿರು. ಇವತ್ತು ಗೊತ್ತಾಗ್ಲಿ ಅವನ್ಗೆ," ಎಂದರು.

ಜೀಪು ಹತ್ತಿತು. ಮೂಟೆಗಳು ಒಂದರ ಮೇಲೊಂದು ಎಗರಿ ಬಿದ್ದವು, ನಾನು ಅವುಗಳನ್ನು ತಬ್ಬಿಕೊಂಡು ಕೂತೆ. ಹಿಂದೆ ಮೈದುನನ ಗಾಡಿ ಬಂಡೆಯ ಮೇಲೆ ಹೊಟ್ಟೆ ಊರಿ ಸಿಕ್ಕಿಕೊಂಡಿತು. ಗಾಜು ಮುಚ್ಚಿದ ಗಾಡಿಯೊಳಗೆ ಗೂಡು ಬಿಸಿಲಿಗೆ ಬೇಯುತ್ತಿತ್ತು. ಇವರು ಹಗ್ಗ ಹುಡುಕುವ ಮೊದಲು ಮನಸಾರೆ ನಕ್ಕರು, ಆಮೇಲೆ ಸುತ್ತ ಓಡಾಡಿ ಅದು ಯಾಕೆ ಸಿಕ್ಕಿಕೊಂಡಿತು ಎಂದು ಪಾಠ ಮಾಡಿದರು.

ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಜೀಪಿನ ಗೂಡಿನ ರಾಶಿಗೆ ಕೈ ಹಾಕಿದರು, ಕಲೆಯಾದ ಗೂಡು ಎತ್ತಿ ನೋಡಿದರು, ಹಾಗೇ ಬಿಟ್ಟು ಮುಂದೆ ಹೋದರು. ಮೈದುನನ ಗಾಡಿಯಲ್ಲಿ ಬಂದ ಇನ್ನೊಂದು ರಾಶಿ ಬೆವೆತು ನಾರುತ್ತಿತ್ತು. ಕೊನೆಗೆ ಒಬ್ಬ ಮುಖ ಸಿಂಡರಿಸಿಕೊಂಡು ಕೇಳಿದ ದರಕ್ಕೆ ಕೊಟ್ಟೆ. ಶೀಟಿನ ಮಾತು ಅಲ್ಲಿಗೆ ಮುಗಿಯಿತು. ನನಗೆ ಅಳು ಬರಲಿಲ್ಲ, ಅವರಿಬ್ಬರನ್ನು ನೋಡಿ ಹೇಸಿಗೆಯಾಯಿತು.

"ಏನೇ ಆಗ್ಲಿ, ದಿಣ್ಣೆ ಹತ್ತಿದ್ದು ಯಾವ್ದು ಹೇಳ್ಲಾ," ಎನ್ನುತ್ತಿದ್ದರು ಇವರು, ರಾಶಿ ಖಾಲಿಯಾದ ಜಾಗದಲ್ಲೇ ನಿಂತು. ನಾನು ಚೀಲ ಮಡಚಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಆ ಮುಂಗಾರಿನಲ್ಲಿ ಹುಳುಮನೆ ಮೊದಲಿಗಿಂತ ಹೆಚ್ಚು ಸೋರಿತು. ಮನೆಯಲ್ಲಿದ್ದ ಒಂದೇ ಟಾರ್ಪಾಲನ್ನು ಜೀಪಿಗೆ ಹೊದಿಸಿದ್ದರು. ಇವರು ನೋಡುತ್ತಿದ್ದಂತೆಯೇ ಅದನ್ನು ಕಿತ್ತು ತಂದು ನನ್ನ ಹುಳುಗಳ ಮೇಲೆ ಕಟ್ಟಿದೆ. ಜೀಪು ರಾತ್ರಿಯೆಲ್ಲ ನೆನೆಯಿತು. ಅಷ್ಟು ಗಟ್ಟಿ ಗಾಡಿಗೆ ಮಳೆ ಏನು ಮಾಡೀತು?