ಬಾಣಂತಿ, ಭಾರ ಹೊರಿಸಬೇಡಿ

ನಮ್ಮೂರಿನ ಮಹಿಳಾ ಸಂಘದ ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒಂದು ಹಳೆಯ ಪಿಸ್ಟನ್ನನ್ನು ಒತ್ತಾಗಿ ಇಟ್ಟಿದ್ದಾರೆ. ಮೊನ್ನೆ ಒಳಗೆ ಹೋಗುವಾಗ ಅದು ಕಾಲಿಗೆ ತಾಗಿತು. ಪಕ್ಕಕ್ಕಿಡಲೆಂದು ಎತ್ತಿಕೊಂಡೆ. ಅಂಗೈಗೆ ಸುಟ್ಟ ಎಣ್ಣೆಯ ವಾಸನೆ ಅಂಟಿತು, ಇಷ್ಟು ವರ್ಷಗಳ ಮೇಲೂ! ಅದರ ಒಂದು ಮಗ್ಗುಲಲ್ಲಿ ಮೇಲಿನಿಂದ ಕೆಳಗಿನವರೆಗೆ ಯಾರೋ ಉಗುರಿನಿಂದ ಪರಚಿದಂಥ ಗೀರುಗಳಿವೆ. ಆ ಗೀರುಗಳನ್ನು ಬೆರಳಿನಿಂದ ಸವರಿ ನನಗೆ ತೋರಿಸಿದ್ದ ಮನುಷ್ಯ ಈಗ ಇಲ್ಲ...

ಅವರನ್ನು ಊರವರೆಲ್ಲ ಮೇಸ್ತ್ರಿ ಎನ್ನುತ್ತಿದ್ದರು. ಯಲ್ಲಾಪುರದ ಕಡೆಯವರು. ಮನೆಮಂದಿಯೆಲ್ಲ ಲಾರಿ ವ್ಯವಹಾರದಲ್ಲಿದ್ದರೆ ಇವರೊಬ್ಬರು ಸಣ್ಣ ಎಂಜಿನ್‌ಗಳ ಬೆನ್ನು ಹತ್ತಿ, ದಾಸನಕೊಪ್ಪದ ಆಚೆ ರಸ್ತೆಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಕೆಟ್ಟ ಎಂಜಿನ್ನನ್ನು ಬಿಚ್ಚುವ ಮೊದಲು ಒಮ್ಮೆ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ನಿಂತು ಕೇಳುವುದು ಅವರ ಪದ್ಧತಿ. ಆಗ ಪಕ್ಕದಲ್ಲಿ ಯಾರೂ ಮಾತಾಡುವಂತಿರಲಿಲ್ಲ.

ನಮ್ಮ ಸಂಘದ ಟ್ರ್ಯಾಕ್ಟರ್ ಅವರಲ್ಲಿಗೆ ಬಂದಾಗ ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ, ರಜೆಗೆಂದು ಊರಿನಲ್ಲಿದ್ದೆ. ಅನಾನಸ್ ಸಾಲುಗಳ ನಡುವೆ ನುಗ್ಗುವಷ್ಟು ಕಿರಿದಾದ ಆ ತೋಟದ ಟ್ರ್ಯಾಕ್ಟರನ್ನು ಸರ್ಕಾರದ ಇಲಾಖೆ ಒಂದು ಷರತ್ತಿನ ಮೇಲೆ ಸಂಘಕ್ಕೆ ಕೊಟ್ಟಿತ್ತು; ದುರ್ಬಳಕೆಯಾದರೆ ಹಿಂದಕ್ಕೆ ಪಡೆಯುತ್ತಾರೆ. ಇಪ್ಪತ್ತೆರಡು ಹೆಂಗಸರು ಸರದಿಯಲ್ಲಿ ದುಡಿಸಿಕೊಂಡ ಯಂತ್ರ ಅದು. ಎಂಜಿನ್ ಸವೆದು ನೀಲಿ ಹೊಗೆ ಕಾರುತ್ತಿತ್ತು. ಬರಿಯ ಗಾಡಿ ಕೂಡ ದಿಬ್ಬ ಏರುತ್ತಿರಲಿಲ್ಲ. ಹೊಸ ಎಂಜಿನ್ ಹಾಕೋಣವೆಂದರೆ ಕಂಪನಿ ಆ ಮಾದರಿಯನ್ನೇ ನಿಲ್ಲಿಸಿತ್ತು.

ಮೇಸ್ತ್ರಿ ಬಿಚ್ಚಿದರು. ಪಿಸ್ಟನ್ನಿನ ಹಳೆಯ ರಿಂಗೊಂದನ್ನು ಸಿಲಿಂಡರಿನೊಳಗೆ ಇಳಿಸಿ ನನ್ನನ್ನು ಬಗ್ಗಿ ನೋಡು ಎಂದರು. ರಿಂಗಿನ ಎರಡು ತುದಿಗಳ ನಡುವೆ ಉಗುರು ತೂರುವಷ್ಟು ಸಂದಿತ್ತು. "ಹಲ್ಲೆಲ್ಲ ಉದುರ್ಯಾವ ಮುದುಕಿಗೆ. ಅಗಿಯೂದು ಹೆಂಗ?" ಎಂದು ನಕ್ಕರು. ಸಿಲಿಂಡರಿನ ಒಳಗವಸಾದ ಲೈನರ್, ಪಿಸ್ಟನ್, ರಿಂಗು ಹೊಸತಾದವು. ಕ್ರ್ಯಾಂಕು ಕಡೆಸಿಕೊಳ್ಳಲು ಶಿರಸಿಯ ಲೇತಿಗೆ ಹೋಗಿಬಂತು. ವಾಲ್ವುಗಳನ್ನು ಮಾತ್ರ ಅವರು ಕೈಯಿಂದಲೇ, ವಾಲ್ವಿಗೆ ಅಂಟಿಸಿದ ಕಡ್ಡಿಯನ್ನು ಅಂಗೈಗಳ ನಡುವೆ ಹೊರಳಿಸಿ ಹೊರಳಿಸಿ, ಮೂರು ದಿನ ಕೂತು ತಿಕ್ಕಿದರು. ಕೊನೆಗೊಂದು ಮುಂಜಾನೆ ಎಂಜಿನ್ ಮಾತಾಡಿತು. ಅವರು ಕಣ್ಣು ಮುಚ್ಚಿ ನಿಂತೇ ಇದ್ದರು, ಬಹಳ ಹೊತ್ತು...

"ಹನ್ನೊಂದು ದಿನ ಬಾಣಂತನ," ಎಂದರು ಕಣ್ಣು ಬಿಟ್ಟವರೇ. "ಬರೇ ಅಡ್ಡಾಡಸ್ರಿ. ಟ್ರೇಲರ್ ಹಚ್ಚಬ್ಯಾಡ್ರಿ. ಹೊಸ ರಿಂಗು, ಹೊಸ ಲೈನರ್, ಒಂದಕ್ಕೊಂದು ಹೊಂದ್ಕೋಬೇಕು. ಈಗ ಭಾರ ಹಾಕಿದ್ರ ಕಾದು ಹಿಡ್ಕೊಂಡು ಬಿಡ್ತದ."

ಸಂಘದ ಅಧ್ಯಕ್ಷೆ ಸುಮ್ಮನಿರುವ ಹೆಂಗಸಲ್ಲ. "ನಾ ಮೂರು ಹಡದ್ರೂ ಹನ್ನೊಂದು ದಿನ ಯಾರೂ ನನ್ನ ಕೂಡ್ರಸಲಿಲ್ಲ ಮೇಸ್ತ್ರಿ. ಇದಕ್ಕೇನು ಅಂಟಿನುಂಡಿ ಕಟ್ಟಿ ತಿನ್ನಸೂಣು?"

"ಉಂಡಿ ಬ್ಯಾಡ ಬಾಯಿ, ಎಣ್ಣಿ ಹಾಕ್ರಿ ಸಾಕು. ನಿಮ್ಮತ್ತಿ ನಿಮಗ ಮಾಡಿದ್ದನ್ನ ನೀವು ಇದಕ್ಕ ಮಾಡಬ್ಯಾಡ್ರಿ!"

ಶೆಡ್ಡು ತುಂಬ ನಗು. ಆಮೇಲೆ ಅವರು ಸುಣ್ಣದ ಕಡ್ಡಿಯೊಂದನ್ನು ನನ್ನ ಕೈಗಿಟ್ಟರು. ಅವರು ಕಲಿತದ್ದು ಉರ್ದು ಶಾಲೆಯಲ್ಲಿ. ಕನ್ನಡವನ್ನು ಓದುತ್ತಿದ್ದರು, ಬರೆಯುತ್ತಿರಲಿಲ್ಲ. "ಏ ಯುನಿವರ್ಸಿಟಿ, ನಿನ್ನ ಅಕ್ಷರ ಚಂದ ಅದಾವಂತ. ಬಾನೆಟ್ ಮ್ಯಾಲೆ ಬರಿ, ದೊಡ್ಡದಾಗಿ." ನಾನು ಬರೆದೆ: ಬಾಣಂತಿ, ಭಾರ ಹೊರಿಸಬೇಡಿ. ಅವರು ಪ್ರತಿ ಅಕ್ಷರದ ಮೇಲೆ ಬೆರಳಿಟ್ಟು ಓದಿ, ತಲೆಯಾಡಿಸಿದರು.

ನಾಲ್ಕನೆಯ ದಿನ ಇಲಾಖೆಯ ಅಧಿಕಾರಿ ಬಂದರು. ಮೇಸ್ತ್ರಿ ತಂಗಿಯ ಮಗಳ ಮದುವೆಗೆಂದು ಯಲ್ಲಾಪುರಕ್ಕೆ ಹೋಗಿದ್ದರು. ಅಧಿಕಾರಿಗೆ ಬೇಕಾಗಿದ್ದುದು ಒಂದು ವಿಡಿಯೊ: ಹಣ್ಣು ತುಂಬಿದ ಟ್ರೇಲರನ್ನು ಎಳೆದುಕೊಂಡು ಸಂಘದ ಟ್ರ್ಯಾಕ್ಟರ್ ದಿಬ್ಬ ಏರಿ ರಸ್ತೆಗೆ ಬರಬೇಕು. ಮೇಲಿನವರಿಗೆ ಅದನ್ನು ಅಂದು ಸಂಜೆಯೇ ಕಳಿಸಬೇಕಿತ್ತಂತೆ.

"ಇನ್ನೂ ಏಳು ದಿನ ಐತ್ರಿ ಸಾಹೇಬ್ರ. ಮೇಸ್ತ್ರಿ ಹೇಳ್ಯಾನ್ರಿ," ಎಂದರು ಅಧ್ಯಕ್ಷೆ.

"ಯಂತ್ರಕ್ಕೂ ಬಾಣಂತನ ಏನಮ್ಮಾ? ತೊಟ್ಟಿಲನ್ನೂ ಕಟ್ಟಿದ್ದೀರಾ?" ಜೀಪಿನಲ್ಲಿ ಬಂದವರೆಲ್ಲ ನಕ್ಕರು.

ನಾನು ಮುಂದೆ ಹೋಗಿ, ಮೇಸ್ತ್ರಿ ಬರುವವರೆಗಾದರೂ ಕಾಯಬಹುದಲ್ಲವೇ ಎಂದೆ. ಅವರು ನನ್ನ ಓದನ್ನು ವಿಚಾರಿಸಿದರು. ಹೇಳಿದೆ. "ಒಳ್ಳೇದು. ಹಾಗಾದರೆ ಕನ್ನಡ ನೀವು ನೋಡಿಕೊಳ್ಳಿ, ಎಂಜಿನ್ ನಮಗೆ ಬಿಡಿ." ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದುಕೊಂಡು ಬಂದವಳು ನಾನು ಪಕ್ಕಕ್ಕೆ ಸರಿದೆ. ಅಷ್ಟರಲ್ಲಿ ಯಾರೋ ಒದ್ದೆ ಬಟ್ಟೆ ತಂದು ಬಾನೆಟ್ಟನ್ನು ಒರೆಸಿದರು, ಚಿತ್ರದಲ್ಲಿ ಬರಹ ಕಾಣಬಾರದೆಂದು. ನನ್ನ ಅಕ್ಷರಗಳು ಬಿಳಿಯ ನೀರಾಗಿ ಟೈರಿನ ಮೇಲೆ ಇಳಿದವು.

ಟ್ರೇಲರ್ ಎಳೆಯುತ್ತ ಅರ್ಧ ದಿಬ್ಬ ಏರುವಷ್ಟರಲ್ಲಿ ಎಂಜಿನ್ ಒಮ್ಮೆ ಕೀರಲು ದನಿ ಮಾಡಿ ನಿಂತುಹೋಯಿತು. ಮತ್ತೆ ತಿರುಗಲಿಲ್ಲ.

ಮರುದಿನ ಬಂದ ಮೇಸ್ತ್ರಿ ಯಾರನ್ನೂ ಬೈಯಲಿಲ್ಲ. ಪಿಸ್ಟನ್ನನ್ನು ಹೊರಗೆಳೆದು, ಈ ಗೀರುಗಳನ್ನು ಸವರಿ, "ನೋಡು, ಹೆಂಗ ಒದ್ದಾಡೇದ," ಎಂದಷ್ಟೇ ಹೇಳಿದರು.

ಎರಡು ದಿನ ಬಿಟ್ಟು ಅಧಿಕಾರಿ ಒಂದು ನಮೂನೆ ಹಿಡಿದು ಸಂಘಕ್ಕೆ ಬಂದರು. ಯಂತ್ರ ಕೆಟ್ಟ ಕಾರಣವನ್ನು ವರದಿಯಲ್ಲಿ ಕಾಣಿಸಬೇಕಿತ್ತು. "ಹೆಚ್ಚಿನ ಭಾರ ಅಂತ ಬರೆದರೆ ಅದು ಸಂಘದ ದುರ್ಬಳಕೆ. ಟ್ರ್ಯಾಕ್ಟರ್ ವಾಪಸು ಹೋಗುತ್ತದೆ. ದುರಸ್ತಿಯಲ್ಲಿ ಲೋಪ ಅಂತ ಬರೆಯಿರಿ, ನಾನೇ ಬೇರೆ ಕಂಪನಿಯ ಎಂಜಿನ್ನಾದರೂ ಕೊಡಿಸುತ್ತೇನೆ." ಭಾರ ಹೊರಿಸಿದವರು ಯಾರೆಂಬ ಪ್ರಶ್ನೆಗೆ ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಅಧ್ಯಕ್ಷೆ ನಮೂನೆಯನ್ನು ಎರಡು ಸಲ ಓದಿದರು. ಅವರ ಹಿಂದೆ ಇಪ್ಪತ್ತೊಂದು ಹೆಂಗಸರಿದ್ದರು, ಕೀಳಬೇಕಾದ ಹಣ್ಣಿತ್ತು. ಕೊನೆಗೆ ನನ್ನತ್ತ ತಿರುಗಿ, "ಬರಿಯವ್ವಾ," ಎಂದರು.

"ಮತ್ತೆ ಮೇಸ್ತ್ರಿ?" ಎಂದೆ.

"ಅವರ ಹೆಸರು ಹಾಕುವುದಿಲ್ಲವಲ್ಲ. ಬರೀ ಮೇಸ್ತ್ರಿ ಅಂತ," ಎಂದರು ಅಧಿಕಾರಿ.

ನಾನು ಬರೆದೆ. ಇದನ್ನು ಯಾವ ಅಲಂಕಾರವೂ ಇಲ್ಲದೆ ಹೇಳಬೇಕು: ಆ ಅಧಿಕಾರಿಯ ಬಾಯಿಂದ ಬಂದ ಸುಳ್ಳನ್ನು ನನ್ನ ಕೈ ಬರೆಯಿತು. 'ಸ್ಥಳೀಯ ಮೇಸ್ತ್ರಿಯು ನಡೆಸಿದ ದುರಸ್ತಿಯಲ್ಲಿನ ಲೋಪದಿಂದ ಎಂಜಿನ್ ನಿರುಪಯುಕ್ತವಾಗಿರುತ್ತದೆ.' ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.

ಆ ವಾಕ್ಯ ಕಡತದಲ್ಲಿ ತೆಪ್ಪಗೆ ಕೂರಲಿಲ್ಲ. ಇಲಾಖೆಯ ಯಂತ್ರಗಳನ್ನು ಸ್ಥಳೀಯ ಮೇಸ್ತ್ರಿಯ ಬಳಿಗೆ ಒಯ್ಯಕೂಡದೆಂದು ಸುತ್ತಿನ ಸಂಘಗಳಿಗೆಲ್ಲ ಸೂಚನೆ ಹೋಯಿತು. ಆ ಪ್ರದೇಶದಲ್ಲಿ ಸ್ಥಳೀಯ ಮೇಸ್ತ್ರಿ ಎಂದರೆ ಇನ್ನಾರು? ಹೆಸರು ಬರೆಯದಿದ್ದರೂ ಎಲ್ಲರೂ ಓದಿಕೊಂಡರು. ಸ್ವಂತ ಪಂಪು, ಟಿಲ್ಲರು ಇದ್ದವರೂ ಶೆಡ್ಡಿನ ಮುಂದೆ ನಿಲ್ಲದೆ ಶಿರಸಿಯ ದಾರಿ ಹಿಡಿಯತೊಡಗಿದರು. ನಲವತ್ತು ವರ್ಷ ಕಿವಿಯಿಂದ ಕಟ್ಟಿದ ಹೆಸರನ್ನು ಕೆಡವಲು ಒಂದು ಸಾಲು ಸಾಕಾಯಿತು.

ಶೆಡ್ಡು ಮುಚ್ಚುವ ಮುನ್ನ ಅವರೊಮ್ಮೆ ಸಂಘಕ್ಕೆ ಬಂದರು. ಈ ಪಿಸ್ಟನ್ನನ್ನು ಮೇಜಿನ ಮೇಲಿಟ್ಟು, "ಇದು ನಿಮ್ಮದು. ನನ್ನ ಹತ್ರ ಇರಬಾರದು," ಎಂದರು. ನಾನು ಅಲ್ಲಿಯೇ ಇದ್ದೆ. ಅವರು ನನ್ನ ಮುಖ ನೋಡದೆ ಕೇಳಿದರು: "ಸಾಹೇಬ್ರು ಕಾಗದ ತೋರಿಸಿದ್ರು. ಬಾನೆಟ್ ಮ್ಯಾಲೆ ಬರದ ಅಕ್ಷರನ ಅಲ್ಲೂ ಇತ್ತು. ನಿಂದ ಏನು ಬೇಟಿ?"

ಹೌದು ಎಂದೆ. ಕೂಡಲೇ ಮಾತು ಕಿತ್ತುಕೊಂಡು ಬಂತು: ಇದನ್ನು ಇಷ್ಟಕ್ಕೇ ಬಿಡುವುದಿಲ್ಲ, ಪತ್ರಿಕೆಗೆ ಬರೆಯುತ್ತೇನೆ, ನಿಮ್ಮ ಹೆಸರು ಹಾಕಿ ನಡೆದುದೆಲ್ಲವನ್ನೂ ಬರೆಯುತ್ತೇನೆ...

ಅವರು ಕೈ ಎತ್ತಿ ತಡೆದರು. ಎಂಜಿನ್ ಕೇಳುವಾಗ ಪಕ್ಕದವರನ್ನು ತಡೆಯುತ್ತಿದ್ದಂತೆಯೇ. "ಬ್ಯಾಡ. ನನ್ನ ಹೆಸರು ಎಲ್ಲೂ ಬರೀಬ್ಯಾಡ. ನೀ ಬರದದ್ದು ಸಾಕು."

ಇಲ್ಲಿಯೂ ನಾನು ಅವರ ಹೆಸರನ್ನು ಬರೆದಿಲ್ಲ. ಆದರೆ ಸುಮ್ಮನೆ ಕೂತಿಲ್ಲ. ಆ ಕೈಬರಹ ನನ್ನದೆಂದೂ, ಹೇಳಿ ಬರೆಸಿದವರು ಇಂಥ ಹುದ್ದೆಯಲ್ಲಿದ್ದವರೆಂದೂ ಒಪ್ಪಿಕೊಂಡು, ಆ ಸಾಲನ್ನು ತಿದ್ದಬೇಕೆಂದು ಅರ್ಜಿಯ ಮೇಲೆ ಅರ್ಜಿ ಕೊಟ್ಟೆ. ಪರಿಶೀಲನೆಯಲ್ಲಿದೆ ಎಂದರು. ಸಂಬಂಧಿಸಿದ ಶಾಖೆಗೆ ಕಳಿಸಲಾಗಿದೆ ಎಂದರು. ಕೊನೆಯ ಉತ್ತರ ಹೀಗಿತ್ತು: ವರದಿಯಲ್ಲಿ ಯಾವುದೇ ವ್ಯಕ್ತಿಯ ಹೆಸರು ಇಲ್ಲವಾದ್ದರಿಂದ ಯಾರಿಗೂ ಬಾಧೆಯಾಗಿರುವುದಿಲ್ಲ, ತಿದ್ದುಪಡಿಯ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಅಧಿಕಾರಿ ಈಗ ಇನ್ನೂ ಮೇಲಿನ ಕುರ್ಚಿಯಲ್ಲಿದ್ದಾರೆ. ಬಾಧೆಯಾಗದ ಆ ಮನುಷ್ಯ ಹೋದ ವರ್ಷ ಯಲ್ಲಾಪುರದಲ್ಲಿ ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಬೇಕಿತ್ತು? ಒಂದು ಸುಳ್ಳು ಸಾಲನ್ನು ಹೊಡೆದುಹಾಕಲು ಈ ವ್ಯವಸ್ಥೆಗೆ ಎಷ್ಟು ವರ್ಷ ಬೇಕು ಎಂಬ ಪ್ರಶ್ನೆಯನ್ನು ನಾನು ಈಗಲೂ ಕೇಳುತ್ತಿದ್ದೇನೆ. ಕೇಳುವಾಗಲೆಲ್ಲ ಅದು ಮೊದಲು ನನ್ನ ಬಲಗೈಗೇ ತಾಗುತ್ತದೆ.

ಅಂದು ಇಲಾಖೆ ಕೊಡಿಸಿದ ಎಂಜಿನ್ ಕೂಡ ಈಗ ಸವೆದಿದೆ. ಅದೇ ನೀಲಿ ಹೊಗೆ, ಅದೇ ದಿಬ್ಬ. ಮೊನ್ನೆ ಸಂಘಕ್ಕೆ ನನ್ನನ್ನು ಕರೆಸಿದ್ದು ಅದಕ್ಕಾಗಿಯೇ. ಹುಬ್ಬಳ್ಳಿಯಿಂದ ಬಂದ ಕಂಪನಿಯ ಹುಡುಗ ಎಂಜಿನ್ನನ್ನು ಮುಟ್ಟದೆಯೇ, "ಇದನ್ನ ಯಾರೂ ಬಿಚ್ಚಂಗಿಲ್ರಿ ಈಗ, ಪೂರ್ತಿ ಬದಲೀ ಮಾಡ್ರಿ," ಎಂದು ಹೇಳಿ ಹೋಗಿದ್ದ. ಅಧ್ಯಕ್ಷೆಗೆ ತಲೆ ಪೂರಾ ನರೆತಿದೆ. ಅವರು ಇಲಾಖೆಯ ನಮೂನೆಯನ್ನು ನನ್ನ ಮುಂದಿಟ್ಟರು. ನಮೂನೆ ಬದಲಾಗಿಲ್ಲ. ದುರಸ್ತಿಯ ಬದಲು ಹೊಸ ಎಂಜಿನ್ ಕೋರಲು ಕಾರಣ, ಎಂದು ಒಂದು ಕಲಮು. ಅದರ ಮುಂದೆ ಒಂದೂವರೆ ಗೆರೆ ಜಾಗ.

ಬರೆದೆ: 'ದುರಸ್ತಿ ಬಲ್ಲವರು ಒಬ್ಬರಿದ್ದರು. ಅವರ ಕೆಲಸದಲ್ಲಿ ಲೋಪವಿರಲಿಲ್ಲ. ಅವರೀಗ ಇಲ್ಲ.'

ಅಧ್ಯಕ್ಷೆ ಕನ್ನಡಕ ಏರಿಸಿ ಓದಿದರು. "ಹಿಂಗ ಬರದ್ರ ಅವ್ರು ಒಪ್ಪಂಗಿಲ್ಲಲ್ಲವ್ವಾ."

"ಗೊತ್ತು," ಎಂದೆ.

ಅವರು ಬಾಗಿಲ ಕಡೆಗೊಮ್ಮೆ ನೋಡಿದರು. ಪಿಸ್ಟನ್ ಇಲ್ಲದೆ ಅದು ಬಡಿದುಕೊಳ್ಳುತ್ತಿತ್ತು. ಪಿಸ್ಟನ್ ಇನ್ನೂ ನನ್ನ ತೊಡೆಯ ಮೇಲೆಯೇ ಇತ್ತು. ಆಮೇಲೆ ನಮೂನೆಯನ್ನು ತಮ್ಮತ್ತ ಎಳೆದುಕೊಂಡು, ನಾನು ಬರೆದುದರ ಕೆಳಗೆ, ನಿಧಾನವಾಗಿ ರುಜು ಹಾಕಿದರು.